ಒಂದೇ ಸಲ ಕೇಳುವ ಊರು

ಹೊಸಪೇಟೆ

ನಾನು ಇಂಗ್ಲೆಂಡಿಗೆ ಹೋದದ್ದು ಜಗಳ ತೆಗೆಯಲಿಕ್ಕೆ. ಅದೂ ತೀರಿಕೊಂಡು ಒಂಬತ್ತು ವರ್ಷವಾಗಿದ್ದ ಹೆಂಗಸಿನ ಜೊತೆ. ಅರವತ್ತಮೂರನೇ ವಯಸ್ಸಿನಲ್ಲಿ, ಮೊಣಕಾಲು ನೋವು ಇಟ್ಟುಕೊಂಡು, ಮೊದಲ ಸಲ ಪಾಸ್‌ಪೋರ್ಟು ಮಾಡಿಸಿ ಹೊರಟವನು ಇಂಥ ಕಾರಣ ಹೇಳಿದರೆ ಜನ ನಗುತ್ತಾರೆ. ಅದಕ್ಕೇ ಹೊಸಪೇಟೆಯಲ್ಲಿ ಕೇಳಿದವರಿಗೆಲ್ಲ ‘ಒಂದು ಅನುವಾದದ ಕೆಲಸ ಇದೆ’ ಎಂದು ಹೇಳಿದ್ದೆ. ಅದು ಸುಳ್ಳೇನೂ ಅಲ್ಲ.

ಆ ಹೆಂಗಸಿನ ಹೆಸರು ಡೋರಾ ಹ್ಯಾಸ್ಲಪ್. ಇಂಗ್ಲಿಷ್ ಕಾದಂಬರಿಕಾರ್ತಿ. ನನಗೆ ಹತ್ತು ವರ್ಷವಿದ್ದಾಗ ಆಕೆ ಹಂಪಿ ನೋಡಲು ಬಂದು ಹೊಸಪೇಟೆಯ ಒಂದು ಲಾಡ್ಜಿನಲ್ಲಿ ಜ್ವರ ಹಿಡಿದು ಮಲಗಿಬಿಟ್ಟಿದ್ದಳು. ನಮ್ಮ ಅಕ್ಕಿ ಗಿರಣಿಯ ಕೆಲಸಕ್ಕೆ ಅಲ್ಲಿಗೆ ಹೋಗಿದ್ದ ಅಪ್ಪ ಸುದ್ದಿ ಕೇಳಿ, ಅವಳನ್ನು ಕಂಪ್ಲಿಯ ನಮ್ಮ ಮನೆಗೆ ಕರೆತಂದ. ಎಂಟು ದಿನಕ್ಕೆಂದು ಬಂದವಳು ಹತ್ತು ತಿಂಗಳು ಉಳಿದಳು. ನಮ್ಮ ಕಡೆ ಹಳೆಯವರು ಬಿಳಿ ಹೆಂಗಸರನ್ನೆಲ್ಲ ದೊರಸಾನಿ ಎನ್ನುತ್ತಿದ್ದರು. ಇವಳ ಹೆಸರೇ ಡೋರಾ ಎಂದು ತಿಳಿದ ಮೇಲೆ ಓಣಿಯವರಿಗೆಲ್ಲ ತಾವು ಕರೆಯುವುದು ಸರಿಯೇ ಇದೆ ಎಂದು ಸಮಾಧಾನವಾಯಿತು.

ಅಕ್ಕ ಗೌರಮ್ಮನಿಗೆ ಆಗ ಇಪ್ಪತ್ತು. ಬಳ್ಳಾರಿಯ ಹಾಸ್ಟೆಲ್ಲಿನಲ್ಲಿದ್ದು ಪಿಯುಸಿ ಮುಗಿಸಿ ಬಂದಿದ್ದಳು. ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದವಳು ಅವಳೊಬ್ಬಳೇ. ಹಂಪಿಯ ಬಂಡೆಗಳ ನಡುವೆ, ಎಮ್ಮಿಗನೂರಿನ ಕಬ್ಬಿನ ಗದ್ದೆಗಳಲ್ಲಿ, ಹರಿಗೋಲು ಹತ್ತಿ ಹೊಳೆಯ ಆಚೆಗೆ, ಎಲ್ಲಿ ಹೋದರೂ ಇಬ್ಬರೂ ಜೊತೆಗೇ ಹೋಗುತ್ತಿದ್ದರು. ಮಧ್ಯಾಹ್ನ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಾ ಅಕ್ಕ ಕಥೆ ಹೇಳುತ್ತಿದ್ದಳು. ಹೊಳೆಯ ಆಚೆ ಮದುವೆ ಮಾಡಿಕೊಟ್ಟ ಹುಡುಗಿಯ ಕಥೆ ಅದು. ಈಚೆ ದಂಡೆಯಲ್ಲಿ ತವರಿನ ದೀಪ ಅವಳಿಗೆ ದಿನಾ ಕಾಣುತ್ತದೆ. ಹೊಳೆ ತುಂಬಿದೆ, ದಾಟುವ ಹಾಗಿಲ್ಲ. ಇದು ಯಾರೋ ಅಜ್ಜಿ ಹೇಳಿಕೊಟ್ಟ ಕಥೆಯಲ್ಲ. ಅಕ್ಕ ತಾನೇ ಕಟ್ಟಿದ್ದು. ದಿನಕ್ಕೊಂದು ತುಂಡು ಕೂಡಿಸುತ್ತಿದ್ದಳು. ದೊರಸಾನಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು.

ದೊರಸಾನಿ ತನ್ನ ಊರಿಗೆ ಹೋದಳು. ಅಕ್ಕ ಮದುವೆಯಾಗಿ ಸಂಡೂರಿಗೆ ಹೋದಳು, ಅಲ್ಲೇ ಶಾಲೆಯಲ್ಲಿ ಟೀಚರಾದಳು. ನಾನು ಇಂಗ್ಲಿಷ್ ಎಂ.ಎ. ಮಾಡಿ ಹೊಸಪೇಟೆಯ ಕಾಲೇಜೊಂದರಲ್ಲಿ ಪಾಠಕ್ಕೆ ನಿಂತೆ. ಆಗ ಒಂದು ಭಾನುವಾರ, ಹಂಪಿಯ ಗೆಸ್ಟ್‌ಹೌಸ್ ಒಂದರಲ್ಲಿ, ವಿದೇಶಿಯರು ಓದಿ ಬಿಟ್ಟುಹೋದ ಪುಸ್ತಕಗಳ ನಡುವೆ ಡೋರಾಳ ಕಾದಂಬರಿ ಸಿಕ್ಕಿತು. ಹೆಸರನ್ನು ಕನ್ನಡದಲ್ಲಿ ‘ಎರಡು ದಂಡೆ’ ಎನ್ನಬಹುದು. ಬಾಳೆ ತೋಟದ ಬದುವಿನ ಮೇಲೆ ಕೂತು ಒಂದೇ ಉಸಿರಿಗೆ ಓದಿದೆ. ಆ ಹುಡುಗಿ, ಆ ಹೊಳೆ, ಆ ದೀಪ, ಎಲ್ಲ ನಮ್ಮ ಪಡಸಾಲೆಯವೇ. ಅಕ್ಕನ ಹೆಸರು ಮಾತ್ರ ಎಲ್ಲಿಯೂ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನವೇ ಸಂಡೂರಿಗೆ ಹೋಗಿ ಪುಸ್ತಕವನ್ನು ಅಕ್ಕನ ಮುಂದೆ ಇಟ್ಟೆ. ಅವಳು ಹಿಂದು ಮುಂದು ತಿರುವಿ ನೋಡಿದಳು.

“ಕೊನಿಗೆ ಆ ಹುಡುಗಿ ಹೊಳಿ ದಾಟ್ತಾಳೇನೋ?”

“ಇಲ್ಲಕ್ಕಾ.”

“ನಾನೂ ದಾಟ್ಸಿದ್ದಿಲ್ಲ.”

“ಇದು ಕಳವು ಅಕ್ಕಾ. ಹಗಲು ದರೋಡಿ.”

“ಸುಮ್ನಿರು. ಚಾ ಆರಾಕತ್ತೈತಿ, ಕುಡಿ.”

ಅಷ್ಟೇ. ಆಮೇಲೆ ಈ ಮಾತು ಎತ್ತಿದಾಗಲೆಲ್ಲ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ಅವಳ ಪಾಲಿನ ಸಿಟ್ಟನ್ನೂ ನಾನೇ ಇಟ್ಟುಕೊಂಡೆ. ನನ್ನ ಹೆಂಡತಿ ತೀರಿಕೊಂಡು, ನೌಕರಿಯೂ ಮುಗಿದು, ಮನೆಯಲ್ಲಿ ಮಾತಾಡಲು ಜನ ಇಲ್ಲದಂತಾದಾಗ ಆ ಕಾದಂಬರಿಯನ್ನು ಕನ್ನಡಕ್ಕೆ ತರಲು ಕೂತೆ. ಮುಗಿಸಿದ ಮೇಲೆ ನಾಲ್ಕು ಪುಟದ ಮುನ್ನುಡಿ ಬರೆದೆ. ‘ಕಳ್ಳತನ’ ಎಂಬ ಶಬ್ದ ಅದರಲ್ಲಿ ಎಷ್ಟು ಸಲ ಬಂದಿದೆಯೋ ನಾನು ಎಣಿಸಿಲ್ಲ. ಅನುಮತಿ ಕೇಳಿ ಡೋರಾಳ ಅಣ್ಣನ ಮಗನಿಗೆ ಪತ್ರ ಹಾಕಿದಾಗ, ನಮ್ಮ ಮನೆ ಕಂಪ್ಲಿಯದು ಎಂದೂ ಬರೆದಿದ್ದೆ. ಸಾಧ್ಯವಾದರೆ ಬನ್ನಿ, ಅತ್ತೆಯ ಕಾಗದಪತ್ರ ನೋಡಬಹುದು ಎಂದು ಉತ್ತರ ಬಂತು. ಕಳವಿನ ಸಾಕ್ಷಿ ಅಲ್ಲೇ ಸಿಗುತ್ತದೆ ಎಂದುಕೊಂಡು ನಾನು ಹೊರಟೆ.

ಹೊಸಪೇಟೆ ಸ್ಟೇಷನ್ನಿಗೆ ಅಕ್ಕ ಸಂಡೂರಿನಿಂದ ಬಂದಿದ್ದಳು. ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ತಂದಿದ್ದಳು. ಬೇಡ ಎಂದೆ. ಚೀಲದ ಜಿಪ್ ತೆಗೆದು ತಾನೇ ತುರುಕಿದಳು.

“ಅಲ್ಲಿ ಹೋಗಿ ಜಗಳ ತಗೀಬ್ಯಾಡ ನೋಡು, ಪಂಪಾ.”

“ತಗೀತೀನಿ.”

“ಆಕಿ ಕೆಟ್ಟಾಕಿ ಅಲ್ಲೋ.”

ರೈಲು ಬಂತು. ನಾನು ಚೀಲ ಎತ್ತಿಕೊಂಡು ಹತ್ತಿದೆ.

ಮಾತಾಡಬಾರದ ಡಬ್ಬಿ

ವಿಮಾನದ ಸುದ್ದಿ ಬೇಡ, ಅದನ್ನು ಎಲ್ಲರೂ ಬರೆದಿದ್ದಾರೆ. ಲಂಡನ್ನಿನಿಂದ ಸಮುದ್ರದ ದಂಡೆಯ ಊರಿಗೆ ಹೋಗುವ ರೈಲಿನಲ್ಲಿ ನನಗಾದದ್ದನ್ನು ಹೇಳುತ್ತೇನೆ. ಊರಿನ ಹೆಸರು ಹೇಳುವುದಿಲ್ಲ. ಡೋರಾಳ ಅಣ್ಣನ ಮಗನಿಗೆ ಜನ ಹುಡುಕಿಕೊಂಡು ಬರುವುದು ಇಷ್ಟವಿಲ್ಲ.

ಎದುರಿನ ಸೀಟಿನಲ್ಲಿ ನನ್ನ ವಯಸ್ಸಿನವನೇ ಒಬ್ಬ ಕೂತಿದ್ದ. ಹೊಸಪೇಟೆಯಲ್ಲಿ ಕಂಪ್ಲಿ ಬಸ್ಸು ಹತ್ತಿದರೆ ಕಮಲಾಪುರ ಬರುವಷ್ಟರಲ್ಲಿ ಪಕ್ಕದವನಿಗೆ ನನ್ನ ಊರು, ಮಠ, ಪೆನ್ಶನ್ನು, ಮೊಣಕಾಲು ಎಲ್ಲ ತಿಳಿದಿರುತ್ತದೆ. ಅವನ ಮಗಳಿಗೆ ಒಂದು ವರವನ್ನೂ ನಾನು ಹೇಳಿ ಮುಗಿಸಿರುತ್ತೇನೆ. ಇಲ್ಲಿ ನಾನೇ ಮೊದಲಾಗಿ “ತಾವು ಎಲ್ಲಿಗೆ?” ಎಂದು ಕೇಳಿದೆ. ಅವನು ಊರಿನ ಹೆಸರು ಹೇಳಿ, ನಕ್ಕು, ಪತ್ರಿಕೆಯನ್ನು ಮುಖದ ಎತ್ತರಕ್ಕೆ ಎತ್ತಿದ.

ಅಷ್ಟರಲ್ಲಿ ಅಕ್ಕನ ಫೋನು. ಊಟವಾಯಿತೇ ಎಂದು ಕೇಳಿದಳು. ನಾನು ಸಂಡೂರಿಗೆ ಕೇಳುವಷ್ಟು ಜೋರಾಗಿ ಉತ್ತರ ಕೊಟ್ಟೆ. ಹೆಂಗಸೊಬ್ಬಳು ಎದ್ದು ಬಂದು ಕಿಟಕಿಯ ಮೇಲಿನ ಚೀಟಿಯನ್ನು ಬೆರಳಿನಿಂದ ತೋರಿಸಿ, ಕ್ಷಮೆ ಕೇಳಿ, ಹೋಗಿ ಕೂತಳು. ನಾನು ಕೂತಿದ್ದ ಬೋಗಿ ಮಾತಾಡಬಾರದ ಡಬ್ಬಿಯಂತೆ. ಹಾಗೊಂದು ಡಬ್ಬಿಯನ್ನೇ ಬೇರೆ ಇಟ್ಟಿದ್ದಾರೆ. ಉಳಿದ ಡಬ್ಬಿಗಳಲ್ಲಿ ಜನ ಏನು ಮಹಾ ಮಾತಾಡುತ್ತಾರೋ ನೋಡೋಣ ಎಂದು ಎದ್ದು ಹೋದೆ. ಅಲ್ಲಿಯೂ ಯಾರೂ ಮಾತಾಡುತ್ತಿರಲಿಲ್ಲ. ಎರಡು ಗಂಟೆ ಹಸಿರು ಹೊಲ, ಕುರಿ, ಮೋಡ ನೋಡುತ್ತಾ ಕೂತೆ. ಹೆಂಡತಿ ಇದ್ದಿದ್ದರೆ ಪ್ರತಿಯೊಂದು ಕುರಿಯ ಬಗ್ಗೆಯೂ ಏನಾದರೂ ಹೇಳುತ್ತಿದ್ದಳು.

ಮೊದಲನೇ ದಿನ: ರಾಬಿನ್ನನ ಚಹಾ

ಡೋರಾಳ ಅಣ್ಣನ ಮಗನ ಹೆಸರು ರಾಬಿನ್. ಎಪ್ಪತ್ತು ದಾಟಿದ, ಉದ್ದನೆಯ, ಸ್ವಲ್ಪ ಬಾಗಿದ ಮನುಷ್ಯ. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಡೋರಾ ಇದ್ದ ಮನೆಯಲ್ಲೇ ಈಗ ಅವನೊಬ್ಬನೇ ಇದ್ದಾನೆ. ಬಾಗಿಲಲ್ಲಿ ನಿಂತು ಕೈ ಕುಲುಕಿದ. ಒಳಗೆ ಮೇಜಿನ ಮೇಲೆ ಚಹಾ, ತಟ್ಟೆಯಲ್ಲಿ ದೊಡ್ಡದೊಂದು ಕೇಕು. ಬೆಳಿಗ್ಗೆ ಲಂಡನ್ನಿನಲ್ಲಿ ಎರಡು ಬ್ರೆಡ್ಡಿನ ತುಂಡು ತಿಂದದ್ದು ಬಿಟ್ಟರೆ ನನ್ನ ಹೊಟ್ಟೆಯಲ್ಲಿ ಏನೂ ಇರಲಿಲ್ಲ.

“ಕೇಕು ತಿನ್ನುತ್ತೀರಾ?” ಎಂದ.

“ಅಯ್ಯೋ, ಬೇಡ ಬೇಡ,” ಎಂದೆ.

“ಸರಿ,” ಎಂದು ಕೇಕಿನ ಮೇಲೆ ಗಾಜಿನ ಮುಚ್ಚಳ ಮುಚ್ಚಿದ.

ನಾನು ಆ ಮುಚ್ಚಳವನ್ನೇ ನೋಡುತ್ತಾ ಕೂತೆ. ಈಗ ತೆಗೆಯುತ್ತಾನೆ, ಇನ್ನೇನು ತೆಗೆಯುತ್ತಾನೆ ಎಂದು. ತೆಗೆಯಲಿಲ್ಲ. ಇನ್ನೊಂದು ಕಪ್ ಚಹಾ ಬೇಕೇ ಎಂದ. ನಾಲಿಗೆ ತಾನಾಗಿಯೇ ಬೇಡ ಎಂದಿತು. ರಾತ್ರಿ ಊಟಕ್ಕೆ ಇಲ್ಲೇ ಇರಬಹುದಲ್ಲ ಎಂದ. ನಿಮಗ್ಯಾಕೆ ತೊಂದರೆ ಎಂದೆ. “ಹಾಗಾದರೆ ನಾಳೆ ಬೆಳಿಗ್ಗೆ ಸಿಗೋಣ,” ಎಂದು ನನ್ನ ಕೋಟನ್ನು ತಂದುಕೊಟ್ಟ. ಅರ್ಧ ಗಂಟೆಯಲ್ಲಿ ಕೇಕು, ಚಹಾ, ಊಟ ಮೂರನ್ನೂ ಕಳೆದುಕೊಂಡು ರಸ್ತೆಗೆ ಬಿದ್ದೆ.

ನಮ್ಮ ಕಡೆ ಇದಕ್ಕೆ ಭಿಡೆ ಎನ್ನುತ್ತಾರೆ. ಅನುವಾದ ಮಾಡುವಾಗ ಈ ಶಬ್ದಕ್ಕೆ ಇಂಗ್ಲಿಷ್ ಹುಡುಕಿ ಸೋತಿದ್ದೇನೆ. ಕೊಟ್ಟ ತಕ್ಷಣ ತೆಗೆದುಕೊಂಡರೆ ಆಸೆಬುರುಕರು ಅಂದುಕೊಂಡಾರು ಎಂಬ ಹಿಂಜರಿಕೆ ಅದು. ಮೊದಲ ‘ಬ್ಯಾಡ’ಕ್ಕೆ ನಮ್ಮಲ್ಲಿ ಅರ್ಥವೇ ಇಲ್ಲ. ಎರಡನೆಯದಕ್ಕೆ ಅರ್ಧ ಅರ್ಥ. ಮೂರನೇ ಸಲವೂ ಬ್ಯಾಡ ಎಂದರೆ ಹೊಟ್ಟೆ ತುಂಬಿದೆ ಎಂದು ನಂಬುತ್ತಾರೆ, ಅದೂ ಅನುಮಾನದಿಂದಲೇ. ಮೂರು ಸಲ ಕೇಳುವುದು ಮನೆಯವರ ಕೆಲಸ, ಎರಡು ಸಲ ಒಲ್ಲೆ ಎನ್ನುವುದು ಬಂದವರ ಕೆಲಸ. ಇದನ್ನು ಯಾರೂ ಕಲಿಸುವುದಿಲ್ಲ, ನಾವು ನಡೆಯಲು ಕಲಿತ ಹಾಗೆ ಕಲಿತಿರುತ್ತೇವೆ. ಇವರು ಒಂದೇ ಸಲ ಕೇಳುತ್ತಾರೆ.

ಲಾಡ್ಜಿನ ಕೋಣೆಯ ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ಮರಳಿಲ್ಲದ ದಂಡೆ, ಬರೀ ದುಂಡು ಕಲ್ಲು. ಗಾಳಿಗೆ ಗಾಜು ಅದುರುತ್ತಿತ್ತು. ಮಂಚದ ಮೇಲೆ ಕೂತು ಅಕ್ಕ ಕೊಟ್ಟ ರೊಟ್ಟಿ ಮುರಿದು ಚಟ್ನಿಗೆ ಹಚ್ಚಿ ತಿಂದೆ. ರೊಟ್ಟಿ ಮುರಿಯುವ ಸದ್ದು ಆ ಕೋಣೆಗೆ ತೀರ ದೊಡ್ಡದಾಯಿತು. ಹೊರಗೆ ಒಬ್ಬಂಟಿ ಮುದುಕರು ಒಂದೊಂದು ನಾಯಿ ಹಿಡಿದುಕೊಂಡು ಹೋಗುತ್ತಿದ್ದರು. ನಾನು ಯಾರಿಗೂ ಬೇಕಾದವನಲ್ಲ ಎನಿಸಿ, ಅರವತ್ತಮೂರು ವರ್ಷದ ಗಂಡಸು, ಕಣ್ಣಲ್ಲಿ ನೀರು ತಂದುಕೊಂಡೆ.

ಎರಡನೇ ದಿನ: ಗೋಡೆಗೆ ಮುಖ ಮಾಡಿದ ಮೇಜು

ರಾಬಿನ್ ಮಹಡಿಯ ಮೇಲಿನ ಕೋಣೆಯ ಬಾಗಿಲು ತೆರೆದ. ಡೋರಾ ಬರೆಯುತ್ತಿದ್ದದ್ದು ಇಲ್ಲೇ. ಕಿಟಕಿಯ ತುಂಬ ಸಮುದ್ರ, ಮೇಜು ಮಾತ್ರ ಅದಕ್ಕೆ ಬೆನ್ನು ಹಾಕಿ ಗೋಡೆಯ ಕಡೆ ಇತ್ತು. ನೀರು ನೋಡುತ್ತಾ ಕೂತರೆ ಕೆಲಸ ಆಗುವುದಿಲ್ಲ ಎನ್ನುತ್ತಿದ್ದಳಂತೆ.

ಅವಳ ಬದುಕನ್ನು ರಾಬಿನ್ ಒಂದೊಂದೇ ಫೋಟೋ ತೋರಿಸುತ್ತಾ ಹೇಳಿದ. ಅವಳ ಅಪ್ಪನಿಗೆ ಇದೇ ಊರಿನಲ್ಲಿ ದಾರ, ಗುಂಡಿ, ಲೇಸು ಮಾರುವ ಅಂಗಡಿ. ಡೋರಾ ಹದಿನೇಳಕ್ಕೆ ಪೋಸ್ಟಾಫೀಸಿನ ಕೌಂಟರಿಗೆ ಸೇರಿದಳು. ದೂರದ ದೇಶಗಳ ಸ್ಟಾಂಪು ಅಂಟಿಸಿದ ಲಕೋಟೆಗಳು ಅವಳ ಕೈ ಮೇಲೆ ಹಾದುಹೋಗುತ್ತಿದ್ದವು. ಹದಿಮೂರು ವರ್ಷ ಅದನ್ನೇ ಮಾಡಿ, ಮೂವತ್ತನೇ ವಯಸ್ಸಿನಲ್ಲಿ ನೌಕರಿ ಬಿಟ್ಟು ಹಿಂದೂಸ್ಥಾನಕ್ಕೆ ಹೊರಟಳು. ಮನೆಯವರು ಅವಳಿಗೆ ತಲೆ ಕೆಟ್ಟಿದೆ ಎಂದರು. ತಿರುಗಿ ಬಂದ ಮೇಲೆ ‘ಎರಡು ದಂಡೆ’ ಬರೆದಳು, ಹೆಸರು ಬಂತು. ಪತ್ರಿಕೆಗಳಲ್ಲಿ ಫೋಟೋ ಬಂತು. ಅಂಗಡಿಯ ಅಪ್ಪ ಪುಸ್ತಕವನ್ನು ಗಾಜಿನ ಬೀರುವಿನಲ್ಲಿ ದಾರದುಂಡೆಗಳ ಜೊತೆ ಇಟ್ಟು ಬಂದವರಿಗೆಲ್ಲ ತೋರಿಸಿದ.

ಆಮೇಲೆ ಆರು ಕಾದಂಬರಿ ಬರೆದಳು. ಒಂದು ಪೋಸ್ಟಾಫೀಸಿನದು, ಒಂದು ಮೀನುಗಾರರದು, ಉಳಿದವು ಯಾವುವೋ. ಮೊದಲ ಪುಸ್ತಕದ ದನಿ ಎಲ್ಲಿ ಹೋಯಿತು ಎಂದು ವಿಮರ್ಶಕರು ಪ್ರತಿ ಸಲವೂ ಕೇಳಿದರು. ಐವತ್ತೈದಕ್ಕೆ ಬರೆಯುವುದನ್ನೇ ನಿಲ್ಲಿಸಿದಳು. ಸಂಜೆ ತರಗತಿಗಳಲ್ಲಿ ದೊಡ್ಡವರಿಗೆ ಓದು ಬರಹ ಕಲಿಸಿದಳು. ಮದುವೆಯಾಗಲಿಲ್ಲ. ದಿನಾ ಹನ್ನೊಂದಕ್ಕೆ ಪೋಸ್ಟಾಫೀಸಿನವರೆಗೆ ನಡೆದು ಹೋಗಿ ಬರುತ್ತಿದ್ದಳು. ಅವಳ ಕೊನೆಯ ಪುಸ್ತಕದ ಮಾರಾಟವಾಗದ ಪ್ರತಿಗಳು ಕಪಾಟಿನ ಕೆಳಗಿನ ಸಾಲಿನಲ್ಲಿ ಹಾಗೇ ಇದ್ದವು, ಕಟ್ಟಿದ ದಾರವನ್ನೂ ಬಿಚ್ಚಿರಲಿಲ್ಲ.

ಕೆಳಗೆ ಅಡುಗೆಮನೆಯಲ್ಲಿ ಅವಳ ಪಾತ್ರೆಗಳನ್ನು ನೋಡಿದೆ. ಒಂದು ತಟ್ಟೆ, ಒಂದು ಬಟ್ಟಲು, ಒಂದು ಸಣ್ಣ ಬಾಣಲೆ. ಹೊಸಪೇಟೆಯ ನನ್ನ ಮನೆಯಲ್ಲಿ ಈಗ ತೊಳೆದಿಡುವುದೂ ಇಷ್ಟೇ. ಜಗಳಕ್ಕೆ ಬಂದವನಿಗೆ ಇದನ್ನೆಲ್ಲ ತೋರಿಸಬಾರದಾಗಿತ್ತು.

“ಆ ದನಿ ತನ್ನದಲ್ಲ ಎಂದು ಅತ್ತೆ ಒಮ್ಮೆ ಹೇಳಿದ್ದಳು,” ಎಂದ ರಾಬಿನ್. “ಮತ್ತೆ ಯಾರದು ಎಂದು ಕೇಳಿದೆ. ಅದನ್ನು ಹೇಳುವ ಹಕ್ಕು ತನಗಿಲ್ಲ ಎಂದಳು.”

ಸಿಕ್ಕಿಬಿದ್ದಳು ಎಂದುಕೊಂಡೆ. ತಪ್ಪೊಪ್ಪಿಗೆ ಅಂದರೆ ಇದೇ ಅಲ್ಲವೇ? ಮುನ್ನುಡಿಗೆ ಒಂದು ಒಳ್ಳೆಯ ವಾಕ್ಯ ಸಿಕ್ಕಿತು ಎಂದು ಲಾಡ್ಜಿಗೆ ಬಂದು ಬರೆದುಕೊಂಡೆ. ಖುಷಿಯಾಗಬೇಕಿತ್ತು. ಆಗಲಿಲ್ಲ, ಆ ಒಂದು ತಟ್ಟೆ ಕಣ್ಣ ಮುಂದಿನಿಂದ ಹೋಗಲಿಲ್ಲ.

ಮೂರನೇ ದಿನ: ಕಂಪ್ಲಿಯ ನೋಟ್‌ಬುಕ್

ಬೆಳಿಗ್ಗೆ ಒಂಬತ್ತಕ್ಕೆ ರಾಬಿನ್ ನನ್ನನ್ನು ಆ ಗೋಡೆಯ ಮುಂದಿನ ಮೇಜಿಗೆ ಕೂರಿಸಿ, ಒಂದು ನೋಟ್‌ಬುಕ್ ಕೊಟ್ಟು ಕೆಳಗೆ ಹೋದ. ರಟ್ಟಿನ ಮೇಲೆ ಇಂಗ್ಲಿಷಿನಲ್ಲಿ ‘ಕಂಪ್ಲಿ’ ಎಂದಿತ್ತು. ಎಂಟು ಸಾವಿರ ಕಿಲೋಮೀಟರೋ ಎಷ್ಟೋ ದೂರ ಬಂದು ನಮ್ಮೂರಿನ ಹೆಸರನ್ನು ಬೇರೆಯವರ ಕೈಬರಹದಲ್ಲಿ ಓದಿದಾಗ ಮೈ ಜುಮ್ಮೆಂದಿತು.

ಒಳಗೆ ನಮ್ಮ ಮನೆಯೇ ಇತ್ತು. ಗಿರಣಿಯ ಸದ್ದು, ತೌಡಿನ ವಾಸನೆ, ಅಪ್ಪನ ಪೇಟ. ಅವ್ವನ ಬಗ್ಗೆ ಎಷ್ಟು ಪುಟ! ಡೋರಾ ಕಲಿತ ಮೊದಲ ಕನ್ನಡ ಶಬ್ದ ‘ಸಾಕು’. ಅದನ್ನು ಹೇಳಿದಷ್ಟೂ ಅವ್ವ ತಟ್ಟೆಗೆ ರೊಟ್ಟಿ ಹಾಕುತ್ತಿದ್ದಳು. ‘ಸಾಕು ಅನ್ನುವುದಕ್ಕೆ ಇನ್ನೊಂದು ಎಂದು ಅರ್ಥವಿರಬೇಕು’ ಎಂದು ಒಂದು ಕಡೆ ಬರೆದಿದ್ದಳು. ಕೈ ಅಡ್ಡ ಹಿಡಿದರೆ ಕೈ ಸರಿಸಿ ಬಡಿಸುತ್ತಿದ್ದಳು. ತಟ್ಟೆಯ ಮೇಲೆ ಬಾಗಿ ಕೂತರೆ ಬೆನ್ನ ಹಿಂದಿನಿಂದ ಬಂದು ತುಪ್ಪ ಸುರಿಯುತ್ತಿದ್ದಳು. ಅದು ಅವ್ವನ ಪದ್ಧತಿಯೇ. “ತಿನ್ರಿ ದೊರಸಾನಿ, ಭಿಡೆ ಮಾಡ್ಕೋಬ್ಯಾಡ್ರಿ” ಎನ್ನುವ ಅವಳ ದನಿ ನನಗೆ ಕೇಳಿದಂತಾಯಿತು. ಒಬ್ಬನೇ ಕೂತು ನಕ್ಕೆ.

ಪ್ರತಿ ಪುಟದಲ್ಲಿಯೂ ಜಿ. ಎಂಬವಳು ಇದ್ದಳು. ಜಿ. ಹೀಗೆ ಹೇಳಿದಳು, ಜಿ. ಇವತ್ತು ಹುಡುಗಿಯನ್ನು ಹೊಳೆಯ ಅಂಚಿನವರೆಗೆ ತಂದು ನಿಲ್ಲಿಸಿದಳು, ಜಿ. ನಾಳೆ ಮುಂದಿನದು ಹೇಳುತ್ತಾಳೆ. ಗೌರಕ್ಕನ ಮಾತುಗಳನ್ನು ಅವಳು ಒಂದೂ ಬಿಡದೆ ಬರೆದಿದ್ದಳು. ಸಾಕ್ಷಿ ಸಿಕ್ಕಿತ್ತು. ಪುಟಗಳ ಫೋಟೋ ತೆಗೆಯಲು ಫೋನು ಎತ್ತಿಕೊಂಡೆ. ಹಾಗೆ ತಿರುವುತ್ತಾ ಕೊನೆಯ ಪುಟಗಳಿಗೆ ಬಂದಾಗ, ಕಂಪ್ಲಿ ಬಿಡುವುದಕ್ಕೆ ಒಂಬತ್ತು ದಿನ ಮೊದಲು ಬರೆದದ್ದು ಕಂಡಿತು. ಅದನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ.

‘ಇವತ್ತು ಜಿ.ಗೆ ಹೇಳಿದೆ. ಇದನ್ನು ನಾನು ಪುಸ್ತಕ ಮಾಡಿದರೆ ಅದರ ಮೇಲೆ ನನ್ನ ಹೆಸರಿನ ಜೊತೆ ನಿನ್ನ ಹೆಸರೂ ಇರಬೇಕು, ಆಗಬಹುದೇ ಎಂದು ಕೇಳಿದೆ. ಅವಳು “ಬೇಡ, ಬೇಡ, ನನ್ನದೇನಿದೆ ಅದರಲ್ಲಿ” ಎಂದಳು. ನನಗೆ ಬೇಸರವಾಯಿತು. ಇನ್ನೊಮ್ಮೆ ಕೇಳೋಣವೆನಿಸಿತು. ಆದರೆ ಈ ಮನೆಯಲ್ಲಿ ಹತ್ತು ತಿಂಗಳು ನನ್ನ “ಸಾಕು” ಎಂಬ ಮಾತನ್ನು ಒಬ್ಬರೂ ನಂಬಲಿಲ್ಲ. ನಾನಾದರೂ ಇವಳ “ಬೇಡ”ವನ್ನು ನಂಬುತ್ತೇನೆ. ಮತ್ತೆ ಕೇಳುವುದಿಲ್ಲ. ಅವಳ ಹೆಸರನ್ನು ಯಾರಿಗೂ ಹೇಳುವುದೂ ಇಲ್ಲ.’

ಎರಡನೇ ಸಲ ಓದಿದೆ. ಮೂರನೇ ಸಲ ಓದಲು ಅಕ್ಷರ ಕಾಣಿಸಲಿಲ್ಲ.

ಅಯ್ಯೋ ದೊರಸಾನಿ, ಹತ್ತು ತಿಂಗಳು ನಮ್ಮ ಮನೆಯ ಉಪ್ಪು ತಿಂದವಳಿಗೆ ಇಷ್ಟು ತಿಳಿಯಲಿಲ್ಲವೇ? ನಮ್ಮ ಹುಡುಗಿ ಮೊದಲ ಮಾತಿಗೇ ಹೂಂ ಅನ್ನುತ್ತಾಳೆಯೇ? ಇನ್ನೊಂದು ಸಲ ಕೇಳಿದ್ದರೆ ತಲೆ ತಗ್ಗಿಸುತ್ತಿದ್ದಳು, ಮೂರನೇ ಸಲಕ್ಕೆ ನಕ್ಕುಬಿಡುತ್ತಿದ್ದಳು. ಕಳ್ಳಿ ಎಂದು ನಾನು ಅಷ್ಟು ವರ್ಷ ಬೈದವಳು, ಅಕ್ಕನ ಮಾತನ್ನು ಅಕ್ಷರಕ್ಕೆ ಅಕ್ಷರ ನಡೆಸಿಕೊಟ್ಟಿದ್ದಳು. ದನಿ ಎಲ್ಲಿ ಹೋಯಿತು ಎಂದು ಊರೆಲ್ಲ ಕೇಳಿದಾಗಲೂ ಬಾಯಿ ಬಿಡದೆ, ಈ ಗೋಡೆ ನೋಡುತ್ತಾ ಕೂತಿದ್ದಳು. ನನ್ನ ಸಿಟ್ಟು ಎಲ್ಲಿಗೆ ಹೋಗಬೇಕೋ ತಿಳಿಯದೆ ಸುಮ್ಮನೆ ಎದೆಯಲ್ಲೇ ನಿಂತಿತು. ಚೀಲದಲ್ಲಿದ್ದ ಮುನ್ನುಡಿಯನ್ನು ತೆಗೆದು ನಾಲ್ಕು ಪುಟವನ್ನೂ ಹರಿದು ಕಸದ ಬುಟ್ಟಿಗೆ ಹಾಕಿದೆ.

ಅದೇ ದಿನ, ಮಧ್ಯಾಹ್ನ

ಹನ್ನೆರಡಕ್ಕೆ ರಾಬಿನ್ ಮೇಲೆ ಬಂದ. ಕೈಯಲ್ಲಿ ಒಂದು ಹಾಳೆ, ಒಂದು ಪೆನ್ನು ಇದ್ದವು.

“ಓದಿದಿರಾ?” ಎಂದ. ಓದಿದೆ ಎಂದೆ. “ಜಿ. ಯಾರೆಂದು ನನಗೆ ಗೊತ್ತಿರಲಿಲ್ಲ. ಕಂಪ್ಲಿಯ ಮನೆ ಎಂದು ನೀವು ಬರೆದ ದಿನವೇ ಅನುಮಾನ ಬಂತು. ನಿಮ್ಮ ಅಕ್ಕ ಅಲ್ಲವೇ?”

ಹೌದು ಎಂದೆ.

ಅವನು ಹಾಳೆಯನ್ನು ಮೇಜಿನ ಮೇಲೆ ಇಟ್ಟ. ‘ಎರಡು ದಂಡೆ’ ಹೊಸದಾಗಿ ಅಚ್ಚಾಗುತ್ತಿದೆಯಂತೆ, ಅದರ ಮೊದಲ ಪುಟದ ಕರಡು ಅದು. ಈ ದಿನ ಸಂಜೆಯೊಳಗೆ ತಿದ್ದಿ ಕಳಿಸಬೇಕಂತೆ. ಪುಸ್ತಕದ ಹೆಸರು, ಅದರ ಕೆಳಗೆ ಡೋರಾ ಹ್ಯಾಸ್ಲಪ್. ಅದರ ಕೆಳಗೆ ಬೆರಳಗಲ ಖಾಲಿ ಜಾಗ.

“ಇಲ್ಲಿ ನಿಮ್ಮ ಅಕ್ಕನ ಹೆಸರು ಹಾಕಬಹುದೇ? ಅತ್ತೆ ಇದ್ದಿದ್ದರೆ ಸಂತೋಷಪಡುತ್ತಿದ್ದಳು,” ಎಂದ.

ಈಗ ಆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಅಷ್ಟೆಲ್ಲ ಓದಿ, ಅಷ್ಟೆಲ್ಲ ಅತ್ತು, ನನ್ನ ಬಾಯಿಂದ ಮೊದಲು ಬಂದ ಮಾತು ಇದು: “ಅಯ್ಯೋ, ಬೇಡ ಬೇಡ, ನಿಮಗ್ಯಾಕೆ ಅದೆಲ್ಲ ತೊಂದರೆ.”

“ಅರ್ಥವಾಗುತ್ತದೆ,” ಎಂದು ರಾಬಿನ್ ಪೆನ್ನಿಗೆ ಟೋಪಿ ಹಾಕಿದ. ಹಾಳೆ ಮಡಿಚಿದ.

“ತಡೀರಿ, ತಡೀರಿ!” ಎಂದು ಕನ್ನಡದಲ್ಲೇ ಕೂಗಿ ಅವನ ಕೈ ಹಿಡಿದುಕೊಂಡೆ. ಅವನು ಗಾಬರಿಯಾಗಿ ನಿಂತ. ನನ್ನ ಬೇಡ ಎಂಬುದು ಬೇಡ ಅಲ್ಲ, ನಮ್ಮಲ್ಲಿ ಹಾಗೆ ಹೇಳುತ್ತೇವೆ, ಅಕ್ಕನೂ ಹಾಗೇ ಹೇಳಿರಬೇಕು ಎಂದು ತೊದಲುತ್ತಾ ವಿವರಿಸಿದೆ. ರಾಬಿನ್‌ಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಹಾಳೆಯನ್ನು ಮತ್ತೆ ಬಿಡಿಸಿ ಇಟ್ಟು, ಎದುರಿನ ಕುರ್ಚಿಯಲ್ಲಿ ಕೂತ. ಅಕ್ಕನ ಪರವಾಗಿ ಹೂಂ ಎನ್ನಲು ನಾನು ಯಾರು? ಫೋನು ಹಚ್ಚಿದೆ. ಸಂಡೂರಿನಲ್ಲಿ ಆಗ ಸಂಜೆಯ ಚಹಾದ ಹೊತ್ತು.

“ಏನೋ ಪಂಪಾ, ಉಂಡೇನು? ಚಳಿ ಹೆಂಗೈತಿ?”

ಅವಳ ಹಿಂದೆ ಮೊಮ್ಮಕ್ಕಳ ಗದ್ದಲ, ಕುಕ್ಕರಿನ ಸೀಟಿ. ನೋಟ್‌ಬುಕ್ಕಿನಲ್ಲಿದ್ದದ್ದನ್ನು ಓದಿ ಹೇಳಿದೆ. ಫೋನು ಹಿಡಿದುಕೊಂಡು ಅವಳು ಎದ್ದು ಹೋದದ್ದು ಕೇಳಿಸಿತು, ಗದ್ದಲ ದೂರವಾಯಿತು. ಈ ಸಲವೂ ಒಳಗೆ ಹೋದಳು, ಆದರೆ ನನ್ನನ್ನು ಕರೆದುಕೊಂಡೇ ಹೋದಳು.

“ಅಕ್ಕಾ, ಆ ಪುಸ್ತಕ ಮತ್ತ ಅಚ್ಚಾಗಾಕತ್ತೈತಿ. ನಿನ್ನ ಹೆಸರು ಹಾಕ್ತೀವಿ ಅಂತಾರ. ಹಾಕ್ಲೇನು?”

“ಅಯ್ಯ, ಬ್ಯಾಡೋ. ಈಗ್ಯಾಕ ಅದೆಲ್ಲ.”

“ಹಾಕಾಕ ಹೇಳ್ತೀನಿ ಅಕ್ಕಾ.”

“ಬ್ಯಾಡಪಾ. ಮಂದಿ ಏನಂದಾರು, ಮುದುಕಿಗೆ ಈಗ ಹೆಸರಿನ ಹುಚ್ಚು ಹಿಡೀತು ಅಂತಾರ.”

“ಗೌರಕ್ಕಾ, ಮೂರನೇ ಸಲ ಕೇಳಾಕತ್ತೀನಿ. ಖರೇ ಹೇಳು. ಹಾಕ್ಸಲೇನು?”

ಕರೆ ಕಡಿಯಿತೇನೋ ಎಂದು ನಾನು ಫೋನು ನೋಡಿಕೊಂಡೆ.

“ಮರುದಿನ ನಾನು ಹಸಿರು ಇಳಕಲ್ ಸೀರಿ ಉಟ್ಕೊಂಡು ಆಕಿ ಕೋಣಿಗೆ ಹ್ವಾದೆ,” ಎಂದಳು. “ಇವತ್ತು ಮತ್ತ ಕೇಳ್ತಾಳ, ಇವತ್ತು ಹೂಂ ಅನ್ನಬೇಕು ಅಂತ. ಆಕಿ ಪೆಟ್ಟಿಗಿ ಕಟ್ಟಾಕತ್ತಿದ್ಲು. ಸೀರಿ ಭಾಳ ಚಂದೈತಿ ಅಂದ್ಲು. ಅಷ್ಟ. ಆಮ್ಯಾಲೂ ಎಂಟು ದಿನ ಇದ್ಲು. ಎಂಟೂ ದಿನ ಹ್ವಾದೆ. ಕೇಳ್ಲಿಲ್ಲ ಪಂಪಾ. ಮನಸಿನಾಗ ಇರ್ಲಿಲ್ಲ, ಬಾಯಿ ಮಾತಿಗೆ ಕೇಳಿದ್ಲು ಅಂದ್ಕೊಂಡೆ.”

ರಾಬಿನ್ ನನ್ನ ಮುಖ ನೋಡಿ ಕಿಟಕಿಯ ಕಡೆ ತಿರುಗಿ ಕೂತ.

“ಮನಸಿನಾಗ ಇತ್ತು ಅಕ್ಕಾ. ಸಾಯೂತನಕ ಇತ್ತು. ಹಾಕ್ಸಲೇನು, ಹೇಳು.”

“ಹಾಕ್ಸು,” ಎಂದಳು. ಆಮೇಲೆ, ಶಾಲೆಯಲ್ಲಿ ಮಕ್ಕಳಿಗೆ ಉಕ್ತಲೇಖನ ಹೇಳುತ್ತಿದ್ದ ದನಿಯಲ್ಲಿ, “ಗಂಡನ ಮನಿ ಹೆಸರು ಬ್ಯಾಡ. ಕಂಪ್ಲಿ ಗೌರಮ್ಮ ಅಂತ ಬರಸು. ಆ ಕಥಿ ಕಟ್ಟಿದಾಗ ನಾನು ಕಂಪ್ಲಿಯಾಕಿ. ಒತ್ತಕ್ಷರ ಬಿಡಬ್ಯಾಡ ಅಂತ ಹೇಳು ಅವ್ರಿಗೆ.”

ಇಂಗ್ಲಿಷಿನ ಒಂದೊಂದೇ ಅಕ್ಷರ ಹೇಳಿದೆ. ಎರಡು ಎಮ್ ಎಂದು ಒತ್ತಿ ಹೇಳಿದೆ. ರಾಬಿನ್ ಆ ಖಾಲಿ ಜಾಗದಲ್ಲಿ ನಿಧಾನವಾಗಿ ಬರೆದು, ಹಾಳೆಯನ್ನು ನನ್ನ ಕಡೆ ತಿರುಗಿಸಿದ.

“ಬರದ್ರೇನು?” ಎಂದಳು ಅಕ್ಕ.

“ಬರದ್ರು.”

“ಓದು ನೋಡೂಣು.”

“ಡೋರಾ ಹ್ಯಾಸ್ಲಪ್, ಕಂಪ್ಲಿ ಗೌರಮ್ಮ.”

ಅವಳು ಮೂಗು ಸೀಟಿಕೊಂಡದ್ದು ಕೇಳಿತು.

“ಇನ್ನೊಂದ್ಸಲ ಓದು,” ಎಂದಳು.